ಕೆಲಸ ನಿಲ್ಲಿಸದ ದೋಷ

ದೋಷಗಳಲ್ಲಿ ಎರಡು ಜಾತಿ. ಕೆಲಸವನ್ನು ನಿಲ್ಲಿಸಿಬಿಡುವ ದೋಷ ಒಂದು. ಕೆಲಸ ನಡೆಯಲು ಬಿಟ್ಟು ತಾನೂ ಅದರ ಜೊತೆಯಲ್ಲಿಯೇ ನಡೆದುಕೊಂಡು ಬರುವ ದೋಷ ಇನ್ನೊಂದು. ಮೊದಲನೆಯದರ ವಿಷಯದಲ್ಲಿ ನೀತಿಶಾಸ್ತ್ರಕ್ಕೆ ಹೆಚ್ಚು ಕೆಲಸವಿಲ್ಲ. ಮೋಟಾರು ಸುಟ್ಟರೆ ಯಂತ್ರ ನಿಲ್ಲುತ್ತದೆ. ರಿಪೇರಿ ಮಾಡಿಸಪ್ಪಾ ಎಂದು ಯಜಮಾನನಿಗೆ ಯಾರೂ ಉಪದೇಶಿಸಬೇಕಾಗಿಲ್ಲ, ಅವನ ನಷ್ಟವೇ ಅವನನ್ನು ಎಬ್ಬಿಸುತ್ತದೆ. ಎರಡನೆಯ ಜಾತಿಯ ದೋಷವನ್ನು ಸರಿಪಡಿಸುವ ಹೊಣೆ ಯಾರದು, ಅದು ಎಷ್ಟು ದೂರ ಹೋಗುತ್ತದೆ ಎಂಬುದು ಅಷ್ಟು ಸುಲಭವಲ್ಲ. ಉದಾಹರಣೆಗೆ ಗಾಳಿಯ ಕಂಪ್ರೆಸರನ್ನು ತೆಗೆದುಕೊಳ್ಳುತ್ತೇನೆ. ಕನ್ನಡದ ಅಧ್ಯಾಪಕನಿಗೂ ಕಂಪ್ರೆಸರಿಗೂ ಏನು ನಂಟೆಂದು ಓದುಗರು ಹುಬ್ಬೇರಿಸಬಹುದು. ನಮ್ಮ ಮನೆಯ ಹಿಂಬದಿಯಲ್ಲಿ ಒಂದು ಮರಗೆಲಸದ ಷೆಡ್ಡಿದೆ. ಅದರ ಸದ್ದಿನಲ್ಲಿಯೇ ನಾನು ಉತ್ತರಪತ್ರಿಕೆಗಳನ್ನು ತಿದ್ದುವುದು. ನಂಟು ತಾನಾಗಿ ಬೆಳೆದಿದೆ.

ಯಂತ್ರ ಸರಳವಾದದ್ದು. ಮೋಟಾರು ಪಿಸ್ಟನ್ನನ್ನು ಆಡಿಸುತ್ತದೆ, ಪಿಸ್ಟನ್ನು ಗಾಳಿಯನ್ನು ಒತ್ತಿ ಒತ್ತಿ ಕಬ್ಬಿಣದ ಟ್ಯಾಂಕಿಗೆ ತುಂಬುತ್ತದೆ. ಟ್ಯಾಂಕಿನೊಳಗೆ ಚದರಂಗುಲಕ್ಕೆ 120 ಪೌಂಡಿನ ಒತ್ತಡವಿರುವುದು ಸಾಮಾನ್ಯ. ಕಾರಿನ ಚಕ್ರಕ್ಕೆ ನಾವು ತುಂಬಿಸುವುದು 30ರ ಸುಮಾರು ಎಂಬುದನ್ನು ನೆನೆದರೆ ಇದರ ಬಲ ತಿಳಿಯುತ್ತದೆ. ಟ್ಯಾಂಕಿನಿಂದ ಹೊರಬಿದ್ದ ಗಾಳಿ ಮೊದಲು ಬರುವುದು ಮ್ಯಾನಿಫೋಲ್ಡು ಎಂಬ ಲೋಹದ ತುಂಡಿಗೆ. ಅದೊಂದು ನಾಲ್ಕು ದಾರಿ ಕೂಡುವ ಸರ್ಕಲ್ಲು. ಮೋಟಾರನ್ನು ನಿಲ್ಲಿಸುವ ಸ್ವಿಚ್ಚು, ಅತಿಯಾದಾಗ ಗಾಳಿಯನ್ನು ಹೊರಗೆ ಚೆಲ್ಲುವ ಸೇಫ್ಟಿ ವಾಲ್ವು, ಒತ್ತಡ ತೋರಿಸುವ ಗೇಜು, ಕಡೆಯಲ್ಲಿ ರೆಗ್ಯುಲೇಟರು, ಎಲ್ಲವೂ ಅದಕ್ಕೇ ತಿರುಪಿ ಕೂರಿಸಿದವು. ರೆಗ್ಯುಲೇಟರಿನ ಒಳಗೆ ಒಂದು ಸ್ಪ್ರಿಂಗು, ಅದರ ಕೆಳಗೊಂದು ರಬ್ಬರಿನ ಪೊರೆ, ಪೊರೆಯ ಕೆಳಗೊಂದು ಸಣ್ಣ ವಾಲ್ವು. ಗುಂಡಿ ತಿರುಗಿಸಿದರೆ ಸ್ಪ್ರಿಂಗು ಪೊರೆಯನ್ನು ಒತ್ತಿ ಬಾಗಿಲು ತೆರೆಯುತ್ತದೆ. ಹೊರಗೆ ಹೋದ ಗಾಳಿಯೇ ಪೊರೆಯನ್ನು ಕೆಳಗಿನಿಂದ ನೂಕಿ ‘ಸಾಕು’ ಎಂದು ಬಾಗಿಲು ಮುಚ್ಚಿಸುತ್ತದೆ. ಇಂಥ ಕಡೆ ಉಪನ್ಯಾಸಕರ ಬಾಯಿಗೆ ಇಂದ್ರಿಯನಿಗ್ರಹದ ಉಪಮೆ ಬರುವುದು ಸಹಜ. ಓದುಗರ ಮೇಲಿನ ಕರುಣೆಯಿಂದ ಅದನ್ನು ತಡೆದುಕೊಂಡಿದ್ದೇನೆ.

ಈಗ ದೋಷಕ್ಕೆ ಬರೋಣ. ಮ್ಯಾನಿಫೋಲ್ಡಿನ ತ್ರೆಡ್ಡು ಸವೆದರೆ, ಅಥವಾ ಅದು ಕೂದಲೆಳೆಯಷ್ಟು ಸೀಳಿದರೆ, ಗಾಳಿ ಹಗಲಿರುಳೂ ಸೋರುತ್ತದೆ. ಯಾರೂ ಮುಟ್ಟದಿದ್ದರೂ ಮೋಟಾರು ತಾನಾಗಿ ಹೊರಟು ನಿಂತು ಮತ್ತೆ ಹೊರಡುತ್ತದೆ. ತಿಂಗಳ ಕೊನೆಗೆ ಕರೆಂಟಿನ ಬಿಲ್ಲು ಬಂದು ಯಜಮಾನನಿಗೆ ವಿಷಯ ತಿಳಿಸುತ್ತದೆ. ರೆಗ್ಯುಲೇಟರಿನ ದೋಷಕ್ಕೆ ಬಿಲ್ಲಿಲ್ಲ. ವಾಲ್ವು ಕೂರುವ ಜಾಗದಲ್ಲಿ ಒಂದು ಕಣ ತುಕ್ಕು ಸೇರಿದರೆ, ಇಲ್ಲವೆ ರಬ್ಬರು ಸವೆದರೆ, ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಗಾಳಿ ಬಳಸುತ್ತಿರುವಷ್ಟು ಹೊತ್ತೂ ಮುಳ್ಳು 80ರಲ್ಲಿಯೇ ಸಭ್ಯವಾಗಿ ನಿಂತಿರುತ್ತದೆ. ಪೈಪು ಕೆಳಗಿಟ್ಟು ಕೆಲಸಗಾರ ಊಟಕ್ಕೆ ಹೋದನೋ, ಸಂದಿಯಿಂದ ಗಾಳಿ ನುಸುಳಿ ನುಸುಳಿ ಪೈಪಿನ ಒತ್ತಡ ಟ್ಯಾಂಕಿನದಕ್ಕೆ ಸಮವಾಗುತ್ತದೆ. ಹಿಂದಿರುಗಿ ಬಂದು ಅವನು ಒತ್ತುವ ಮೊದಲ ಹೊಡೆತ 80ರದಲ್ಲ, 120ರದು. ಸ್ವಿಚ್ಚಿಗೂ ಸೇಫ್ಟಿ ವಾಲ್ವಿಗೂ ಇದು ದೋಷವೇ ಅಲ್ಲ. ಅವು ಕಾಯುವುದು ಟ್ಯಾಂಕನ್ನು. ಪೈಪು ಹಿಡಿದವನನ್ನು ಕಾಯುವುದು ರೆಗ್ಯುಲೇಟರು ಒಂದೇ. ಮೊಳೆ ಹೊಡೆಯುವ ಗನ್ನಿಗೆ ಇಷ್ಟೇ ಒತ್ತಡವೆಂಬ ಮಿತಿಯಿದೆ. ಗಾಳಿಯಿಂದ ಧೂಳು ಹೊಡೆಯುವಾಗ ಕೊನೆಯಲ್ಲಿ 30 ಪೌಂಡು ಮೀರಕೂಡದೆಂದು ಅಮೆರಿಕದ ಕಾರ್ಮಿಕ ಸುರಕ್ಷತೆಯ ಕಾನೂನೇ ಹೇಳುತ್ತದೆ; ನಮ್ಮ ಷೆಡ್ಡುಗಳಲ್ಲಿ ಮೈಮೇಲಿನ ಮರದ ಹೊಟ್ಟನ್ನು ಹುಡುಗರು ಅದೇ ಪೈಪಿನಿಂದ ಊದಿಕೊಳ್ಳುತ್ತಾರೆ. ಈ ಗಾಳಿಯೊಡನೆ ಆಟವಾಡಿ ಪ್ರಾಣಹಾನಿಯಾದ ಸುದ್ದಿಯನ್ನು 2024ರಲ್ಲಿ ನಾವು ಬೆಂಗಳೂರಿನಿಂದಲೇ ಓದಿದೆವು.

ಹಿಂಬದಿಯ ಷೆಡ್ಡಿನಲ್ಲಿ ಈ ಎರಡು ದೋಷಗಳೂ ಒಟ್ಟಿಗೆ ಬಂದವು. ಯಜಮಾನರು ಮೆಕ್ಯಾನಿಕ್ಕನ್ನು ಕರೆಸಿದ್ದು ಸೋರುವುದಕ್ಕೆ. ಅವನು ನೋಡಿ, ಮ್ಯಾನಿಫೋಲ್ಡೂ ಹೋಗಿದೆ, ರೆಗ್ಯುಲೇಟರೂ ಹೋಗಿದೆ ಎಂದ.

“ಮ್ಯಾನಿಫೋಲ್ಡ್ ಹಾಕಪ್ಪ. ಅದು ಇರ್ಲಿ ಬಿಡು, ಓಡ್ತಾ ಇದೆಯಲ್ಲ.”

“ಓಡ್ತಿರೋದು ನಿಮಗೆ ಯಜಮಾನ್ರೆ. ಪೈಪ್ ಹಿಡಿಯೋನು ಆ ಹುಡುಗ.”

ಯಜಮಾನರು ಕೆಟ್ಟವರಲ್ಲ, ಎಣಿಸಿ ಖರ್ಚು ಮಾಡುವವರು. ಕರೆಯದ ರೋಗಕ್ಕೂ ಮದ್ದು ಬರೆಯುವ ವೈದ್ಯರನ್ನೂ ಮೆಕ್ಯಾನಿಕ್ಕುಗಳನ್ನೂ ಅವರು ಕಂಡಿದ್ದಾರೆ, ನಾವೂ ಕಂಡಿದ್ದೇವೆ. ಪ್ರಾಮಾಣಿಕನೂ ಮೋಸಗಾರನೂ ಹೇಳುವ ಮಾತು ಇಲ್ಲಿ ಒಂದೇ: ‘ಇದೂ ಹೋಗಿದೆ.’ ಕೇಳುವವನಿಗೆ ಎರಡರ ಭೇದ ತಿಳಿಯುವುದು ಹೇಗೆ? ಮೆಕ್ಯಾನಿಕ್ಕು ವಾದಕ್ಕೆ ನಿಲ್ಲಲಿಲ್ಲ. ಪೈಪಿನ ಬಾಯಿ ಮುಚ್ಚಿ, ಮುಳ್ಳನ್ನು 80ಕ್ಕೆ ನಿಲ್ಲಿಸಿ, “ಟೀ ಕುಡಿಯೋಣ, ನೀವೇ ನೋಡ್ತಾ ಇರಿ” ಎಂದ. ಲೋಟ ಖಾಲಿಯಾಗುವ ಹೊತ್ತಿಗೆ ಮುಳ್ಳು 115 ದಾಟಿತ್ತು. ಯಜಮಾನರು ಹಣ ಕೊಟ್ಟು ಎರಡನ್ನೂ ತರಿಸಿದರು.

ಈ ಟೀ ಕುಡಿದ ಹೊತ್ತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಬಲ್ಲವನು ಅರಿಯದವನಿಗೆ ಸಲಹೆಯನ್ನಷ್ಟೇ ಕೊಟ್ಟರೆ ಸಾಲದು, ಅವನ ಕಣ್ಣಿಗೇ ಕಾಣುವ ಪ್ರಮಾಣವನ್ನೂ ಕೊಡುವುದು ಸಾಲದಂತೆ ತೀರಿಸಬೇಕಾದದ್ದು. ವಕೀಲರು, ವೈದ್ಯರು, ಮೇಷ್ಟರು, ನಾವೆಲ್ಲ ಈ ಸಾಲವನ್ನು ಮುಂದೂಡುತ್ತಲೇ ಬಂದವರು. ಯಜಮಾನರು ಆಗಲೂ ಒಪ್ಪದಿದ್ದರೆ? ಯಂತ್ರ ಅವರದು, ಹಣ ಅವರದು, ಮೆಕ್ಯಾನಿಕ್ಕು ಕೂಲಿಯವನು. ಆದರೂ ಮ್ಯಾನಿಫೋಲ್ಡನ್ನಷ್ಟೇ ಹಾಕಿ ಹೋಗೆಂದರೆ ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡು ಹೊರಡುವ ಅಧಿಕಾರ ಅವನಿಗಿತ್ತೆಂದೇ ನನ್ನ ಅಭಿಪ್ರಾಯ. ತೀರ್ಮಾನ ಮಾಡುವವನೂ ಪೆಟ್ಟು ತಿನ್ನುವವನೂ ಒಬ್ಬನೇ ಆಗಿದ್ದರೆ ಅದು ಜಿಪುಣತನ ಎನಿಸಿಕೊಂಡು ಮುಗಿಯುತ್ತಿತ್ತು. ಇಲ್ಲಿ ಇಬ್ಬರೂ ಬೇರೆ, ಹುಡುಗನನ್ನಂತೂ ಯಾರೂ ಕೇಳಿರಲಿಲ್ಲ.

ಜೋಡಿಸುವ ಕೆಲಸ ದೊಡ್ಡದಲ್ಲ. ಪ್ಲಗ್ಗು ಕಿತ್ತು, ಟ್ಯಾಂಕಿನ ಗಾಳಿಯನ್ನೆಲ್ಲ ಬಿಟ್ಟು, ಮುಳ್ಳು ಸೊನ್ನೆಗೆ ಬಂದ ಮೇಲೆ ಹಳೆಯದನ್ನು ಬಿಚ್ಚಿದ. ತ್ರೆಡ್ಡಿಗೆ ಬಿಳಿಯ ಟೇಪು ಸುತ್ತಿ ಹೊಸದನ್ನು ಕೂರಿಸಿದ, ಕೈ ಬಿಗಿ ಬಂದ ಮೇಲೆ ಅತಿಯಾಗಿ ತಿರುಗಿಸಲಿಲ್ಲ. ಆಮೇಲೆ ಗಾಳಿ ತುಂಬಿಸಿ, ಒಂದು ಡಬ್ಬಿಯಲ್ಲಿ ಸೋಪಿನ ನೀರು ಕಲಸಿ, ಹಳೆಯ ಬ್ರಷ್ಷಿನಿಂದ ಒಂದೊಂದು ಸಂದಿಗೂ ಹಚ್ಚಿದ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದು ಅರ್ಥ. ಒಂದು ಕಡೆ ಎದ್ದಿತು. ಗಾಳಿ ಬಿಟ್ಟು, ಬಿಚ್ಚಿ, ಮತ್ತೆ ಸುತ್ತಿದ.

ನಿಷ್ಕಾಮಕರ್ಮದ ಮಾತು ನಮ್ಮಲ್ಲಿ ಬಹಳ ಅಗ್ಗವಾಗಿದೆ. ‘ನನ್ನ ಕೆಲಸ ನಾನು ಮಾಡಿದೆ, ಫಲ ದೇವರದು’ ಎಂದು ಕಡತ ಕಟ್ಟಿಡುವ ಗುಮಾಸ್ತರೂ ಗೀತೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಗೀತೆ ಬಿಡಹೇಳುವುದು ಫಲದ ಮೇಲಿನ ಹಕ್ಕನ್ನು. ಫಲವಾಯಿತೇ ಇಲ್ಲವೇ ಎಂದು ನೋಡುವ ಕಣ್ಣನ್ನಲ್ಲ. ಸೋಪಿನ ನೀರು ಹಚ್ಚುವವನಿಗೆ ಅದರಿಂದ ಹೆಚ್ಚಿನ ಕೂಲಿಯಿಲ್ಲ. ಗುಳ್ಳೆ ಎದ್ದರೆ ಅವನಿಗೇ ಮತ್ತೆ ಕೆಲಸ. ಹಾಗಿದ್ದೂ ಹಚ್ಚುತ್ತಾನೆ. ಫಲಾಪೇಕ್ಷೆಯಿಲ್ಲದೆ ಫಲವನ್ನು ಪರೀಕ್ಷಿಸುವುದು ಎಂದರೆ ಇದೇ ಇರಬೇಕು.

ಬಿಡಿಭಾಗಗಳ ಮಾತು ಬಂದಾಗ ತತ್ತ್ವಶಾಸ್ತ್ರಜ್ಞರು ಕೇಳುವ ಪ್ರಶ್ನೆಯೇ ಬೇರೆ. ಪಾಲಿಯ ‘ಮಿಲಿಂದಪಞ್ಹ’ದಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಅಚ್ಚು ರಥವೇ, ಚಕ್ರ ರಥವೇ ಎಂದು ಒಂದೊಂದಾಗಿ ಕೇಳಿ, ರಥವೆಂಬುದು ಬರಿಯ ಹೆಸರೆಂಬಲ್ಲಿಗೆ ತಂದು ನಿಲ್ಲಿಸುತ್ತಾನೆ. ಗ್ರೀಕರಲ್ಲಿ ಥೀಸಿಯಸ್ಸನ ಹಡಗಿನ ಹಲಗೆಗಳನ್ನೆಲ್ಲ ಬದಲಾಯಿಸಿದ ಮೇಲೆ ಅದು ಅದೇ ಹಡಗೇ ಎಂಬ ಚರ್ಚೆಯನ್ನು ಪ್ಲೂಟಾರ್ಕ್ ದಾಖಲಿಸಿದ್ದಾನೆ. ತರಗತಿಯಲ್ಲಿ ಇವೆರಡೂ ಚೆನ್ನಾಗಿ ನಡೆಯುತ್ತವೆ. ಷೆಡ್ಡಿನಲ್ಲಿ ಮಾತ್ರ ಇದು ಹಳೆಯ ಕಂಪ್ರೆಸರೇ, ಹೊಸತೇ ಎಂದು ಯಾರೂ ಕೇಳಲಿಲ್ಲ. ಸೋರುತ್ತಿದೆಯೇ ಎಂದು ಕೇಳಿದರು.

ತಯಾರಕರ ಪಾಲನ್ನೂ ಹೇಳದೆ ಬಿಡಲಾಗದು. ಈಚಿನ ಅನೇಕ ಸಣ್ಣ ಕಂಪ್ರೆಸರುಗಳಲ್ಲಿ ಮ್ಯಾನಿಫೋಲ್ಡು, ರೆಗ್ಯುಲೇಟರು ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ. ರಬ್ಬರಿನ ಬಿಲ್ಲೆಯೊಂದು ಸವೆದರೂ ಇಡೀ ತುಂಡನ್ನೇ ಕೊಳ್ಳಬೇಕು. ಬೆಲೆ ಹೆಚ್ಚಾದಷ್ಟೂ ‘ಇರಲಿ ಬಿಡು’ ಎನ್ನುವ ಬಾಯಿಗಳೂ ಹೆಚ್ಚುತ್ತವೆ. ಆ ಪಾಪ ಯಜಮಾನರೊಬ್ಬರದೇ ಅಲ್ಲ. ಕೊಂಡವನಿಗೆ ರಿಪೇರಿಯ ಹಕ್ಕಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಒಂದು ಸಮಿತಿಯನ್ನು ನೇಮಿಸಿದಾಗ ಪತ್ರಿಕೆಗಳು ಹೆಚ್ಚಾಗಿ ಮೊಬೈಲು ಫೋನಿನ ಮಾತನ್ನೇ ಆಡಿದವು. ನನಗೆ ಅಂದು ಈ ರಬ್ಬರಿನ ಬಿಲ್ಲೆಗಳು ಹೆಚ್ಚು ತುರ್ತಿನವಾಗಿ ಕಂಡವು.

ಇನ್ನು ಟ್ಯಾಂಕು. ಒತ್ತಿದ ಗಾಳಿ ತಣಿದಾಗ ಅದರ ತೇವ ನೀರಾಗಿ ತಳದಲ್ಲಿ ನಿಲ್ಲುತ್ತದೆ. ದಿನವೂ ಬಿಡದಿದ್ದರೆ ಕಬ್ಬಿಣ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅಂದು ತಳದ ತಿರುಪು ಬಿಚ್ಚಿದಾಗ ಕಾಫಿಯ ಬಣ್ಣದ ನೀರು ಬಂತು. ಮೆಕ್ಯಾನಿಕ್ಕು ಅದನ್ನೂ ತೋರಿಸಿ, ಟ್ಯಾಂಕು ತೂತಾದರೆ ವೆಲ್ಡಿಂಗಿಗೆ ಮಾತ್ರ ಹೋಗಬೇಡಿ, ಟ್ಯಾಂಕನ್ನೇ ಬದಲಾಯಿಸಿ ಎಂದ. ಈ ದೋಷವನ್ನು ತೋರಿಸಲು ಅವನ ಬಳಿ ಮುಳ್ಳಿರಲಿಲ್ಲ. ದಿನಾ ಸಂಜೆ ನೀರು ಬಿಡುವ ಕೆಲಸ ಈಗ ಹುಡುಗನದು. ಟ್ಯಾಂಕಿನ ವಿಚಾರ ಹಬ್ಬ ಕಳೆಯಲಿ ನೋಡೋಣವೆಂದು ಯಜಮಾನರು ಹೇಳಿದ್ದಾರೆ.