ನಿಂತ ಕಾರು, ನಡೆಯುವ ತೇರು

ವಸ್ತುವಿನ ಬೆಲೆ ಬೇರೆ, ಅದರ ಸಾರ್ಥಕತೆ ಬೇರೆ. ಬೆಲೆಯನ್ನು ಪೇಟೆ ಹೇಳುತ್ತದೆ, ಸಾರ್ಥಕತೆಯನ್ನು ಬಳಕೆ ಹೇಳುತ್ತದೆ. ಇವೆರಡೂ ಒಂದೇ ಎಂದು ತಿಳಿದವನು ಬದುಕಿನ ಲೆಕ್ಕದಲ್ಲಿ ಸೋಲುತ್ತಾನೆ. ಈ ಮಾತಿಗೆ ಒಂದು ದೊಡ್ಡ ಉದಾಹರಣೆ ಹೈದರಾಬಾದಿನಲ್ಲಿದೆ. ಮನೂರು, ನಾರಾಯಣಖೇಡ, ಜಹೀರಾಬಾದು, ತಾಂಡೂರು ಕಡೆಯಿಂದ ನಾವು ದವಾಖಾನೆಗೆಂದೋ ವ್ಯಾಪಾರಕ್ಕೆಂದೋ ಅಲ್ಲಿಗೆ ಹೋಗಿ ಬರುತ್ತಲೇ ಇರುತ್ತೇವೆ. ಚಾರ್‌ಮಿನಾರಿನ ಸಮೀಪದ ಚೌಮಹಲ್ಲಾ ಅರಮನೆಯನ್ನು ಇಂದು ಟಿಕೆಟು ಪಡೆದು ಯಾರು ಬೇಕಾದರೂ ನೋಡಬಹುದು. ಅಲ್ಲಿ ಹಳದಿ ಬಣ್ಣದ ಒಂದು ರೋಲ್ಸ್ ರಾಯ್ಸ್ ಕಾರು ನಿಂತಿದೆ.

ಇದು ಅಂಗಡಿಯಲ್ಲಿ ಕೊಂಡ ಕಾರಲ್ಲ, ಹೇಳಿ ಮಾಡಿಸಿದ್ದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಇದನ್ನು ಇಂಗ್ಲೆಂಡಿನಿಂದ ತರಿಸಲು ಹೇಳಿದ್ದರು. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಕಂಪನಿ ಎಂಜಿನ್ನನ್ನೂ ಚೌಕಟ್ಟನ್ನೂ ಮಾತ್ರ ಕಟ್ಟುತ್ತಿತ್ತು. ಮೇಲಿನ ಒಡಲನ್ನು ಬೇರೆ ಕುಶಲಿಗಳು ಗಿರಾಕಿಯ ಇಚ್ಛೆಯಂತೆ ಕಟ್ಟಿಕೊಡುತ್ತಿದ್ದರು. ಇದರ ಒಡಲು ಲಂಡನ್ನಿನ ಬಾರ್ಕರ್ ಕಂಪನಿಯ ಕೆಲಸ. ಹಿಂದೆ ಒಬ್ಬನೇ ಅರಸನಿಗೆ ಸಿಂಹಾಸನದಂತೆ ಎತ್ತರದ ಪೀಠ. ಆದರೆ ಕಾರು ಬರುವ ಮೊದಲೇ, 1911ರ ಆಗಸ್ಟಿನಲ್ಲಿ, ಮಹಬೂಬ್ ಅಲಿ ಖಾನರು ತೀರಿಕೊಂಡರು. ಮಾಡಿಸಿದವರಿಗೆ ಕೂಡುವ ಯೋಗ ಬರಲಿಲ್ಲ. ಅವರ ಮಗ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಮೆರವಣಿಗೆಯಂಥ ವಿಶೇಷ ದಿನಗಳಿಗಷ್ಟೇ ಅದು ಹೊರಬರುತ್ತಿತ್ತು. ಹಲವು ದಶಕಗಳಲ್ಲಿ ಓಡಿದ್ದು ಕೆಲವು ನೂರು ಮೈಲಿ ಮಾತ್ರ. ನಮ್ಮ ಕಡೆಯ ಬಾಡಿಗೆ ಜೀಪು ಒಂದು ವಾರದಲ್ಲಿ ಅಷ್ಟು ಓಡುತ್ತದೆ.

ಇದೇ ಜಾತಿಯ ಸಿಲ್ವರ್ ಘೋಸ್ಟ್ ಕಾರು 1907ರ ಪರೀಕ್ಷೆಯಲ್ಲಿ 14 ಸಾವಿರ ಮೈಲಿಗೂ ಹೆಚ್ಚು ಓಡಿ ಹೆಸರು ಗಳಿಸಿತ್ತು. ಓಡಲೆಂದೇ ಹುಟ್ಟಿದ ಯಂತ್ರ ಇಲ್ಲಿ ಓಡದೆ ನಿಂತಿತು. ಎಂಜಿನ್ನು ಎರಕ ಹೊಯ್ದವರ, ತಗಡು ಬಡಿದವರ, ಬಣ್ಣ ಬಳಿದವರ ದುಡಿಮೆಯಲ್ಲಿ ದೋಷವಿಲ್ಲ. ಅವರ ಕೈಗೆ ನಾವು ಕೈ ಮುಗಿಯಲೇಬೇಕು. ದೋಷವಿದ್ದರೆ ಆ ದುಡಿಮೆಯನ್ನು ಒಬ್ಬನ ಪೀಠಕ್ಕೆ ಕಟ್ಟಿಹಾಕಿದ್ದರಲ್ಲಿದೆ.

ಆ ಹಣವಾದರೂ ಎಲ್ಲಿಯದು? 1956ರವರೆಗೆ ನಾರಾಯಣಖೇಡ ಬೀದರ ಜಿಲ್ಲೆಯಲ್ಲಿತ್ತು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ, 1948ರವರೆಗೆ, ಇವೆಲ್ಲ ನಿಜಾಮರ ಸೀಮೆ. ಸರ್ಫ್-ಎ-ಖಾಸ್ ಎಂಬ ಜಮೀನುಗಳ ಉತ್ಪನ್ನ ನೇರವಾಗಿ ಅವರ ಸ್ವಂತ ಖಜಾನೆಗೆ ಹೋಗುತ್ತಿತ್ತು; 1949ರಲ್ಲಿ ಅವು ಸರಕಾರಕ್ಕೆ ಸೇರಿದವು. ಯಾವ ಖಜಾನೆಯ ಹಣವೇ ಆಗಲಿ, ಅದರ ಮೂಲ ಒಕ್ಕಲಿಗನ ಹೊಲ, ಅವನ ಜೋಳದ ರಾಶಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಜಾತ್ರೆಯ ತೇರು ಸಹ ವರ್ಷವಿಡೀ ಸುಮ್ಮನೆ ನಿಂತಿರುತ್ತದೆಯಲ್ಲ? ಅದೂ ನೂರಾರು ಮೈಲಿ ಓಡುವುದಿಲ್ಲ. ಹಾಗಾದರೆ ತೇರಿಗೊಂದು ನ್ಯಾಯ, ಕಾರಿಗೊಂದು ನ್ಯಾಯವೇ? ಪ್ರಶ್ನೆ ಸರಿಯಾದದ್ದೇ. ಉತ್ತರ ಹಗ್ಗದಲ್ಲಿದೆ. ತೇರಿನ ಹಗ್ಗಕ್ಕೆ ಊರೆಲ್ಲ ಕೈ ಹಚ್ಚುತ್ತದೆ. ಬಡವ, ಬಲ್ಲಿದ ಇಬ್ಬರೂ ಎಳೆಯದಿದ್ದರೆ ಅದು ಒಂದು ಹೆಜ್ಜೆಯೂ ಕದಲದು. ಕಾರಿನಲ್ಲಿ ಒಬ್ಬನು ಕೂಡುತ್ತಾನೆ, ಉಳಿದವರು ಬದಿಗೆ ಸರಿದು ನಿಲ್ಲುತ್ತಾರೆ. ಆದ್ದರಿಂದ ವೈಭವವೇ ತಪ್ಪಲ್ಲ. ಎಲ್ಲರನ್ನೂ ಹೊರಗಿಟ್ಟು ಮೆರೆಯುವ ವೈಭವ ತಪ್ಪು. ಬಹುಕಾಲ ಮೂಲೆಗೆ ಬಿದ್ದಿದ್ದ ಆ ಕಾರು ದುರಸ್ತಿಯಾಗಿ ಇಂದು ಜನರ ಮುಂದೆ ನಿಂತಿದೆ. ಒಕ್ಕಲಿಗನ ಮೊಮ್ಮಗಳು ಅದರ ಮುಂದೆ ನಿಂತು ನೋಡುತ್ತಾಳೆ. ಒಬ್ಬನ ಸೊತ್ತಾಗಿದ್ದಾಗ ಇಲ್ಲದ ಸಾರ್ಥಕತೆ ಹಲವರ ಕಣ್ಣಿಗೆ ಸಿಕ್ಕಾಗ ಅದಕ್ಕೆ ತುಸು ಬಂದಿದೆ ಎನ್ನಬೇಕು.

ಅರಸರನ್ನು ಹಳಿಯುವುದು ಸುಲಭ. ಬಾಂಧವರೇ, ನಮ್ಮ ಅಂಗಳವನ್ನೂ ಒಮ್ಮೆ ನೋಡಿಕೊಳ್ಳೋಣ. ಮಗಳ ಮದುವೆಗೆ ಎರಡೆಕರೆ ಹೊಲ ಒತ್ತೆಯಿಟ್ಟು ಅಳಿಯನಿಗೆ ಕಾರು ಕೊಡುವವರು ನಮ್ಮಲ್ಲಿಲ್ಲವೇ? ಪೆಟ್ರೋಲಿಗೆ ಕಾಸಿಲ್ಲದೆ ಆ ಕಾರು ಬೇವಿನ ಮರದಡಿ ನಿಲ್ಲುತ್ತದೆ, ಬಡ್ಡಿ ಮಾತ್ರ ಹಗಲಿರುಳು ಓಡುತ್ತದೆ. ನಿಜಾಮರು ಮೆರೆದದ್ದು ಪರರ ಬೆವರಿನಲ್ಲಿ. ನಾವು ಮೆರೆಯುವುದು ನಮ್ಮ ಮಕ್ಕಳ ಅನ್ನದಲ್ಲಿ. ಯಾವುದು ಹೆಚ್ಚಿನ ತಪ್ಪು?

ಹೊಸದಾಗಿ ಏನನ್ನೇ ಕೊಳ್ಳುವ ಮುನ್ನ ಮನೆಮಂದಿಯೆಲ್ಲ ಕುಳಿತು ಎರಡು ಮಾತು ಕೇಳಿಕೊಂಡರೆ ಸಾಕು. ಇದು ಎಷ್ಟು ದಿನ ಕೆಲಸಕ್ಕೆ ಬರುತ್ತದೆ? ಎಷ್ಟು ಜನರಿಗೆ ಕೆಲಸಕ್ಕೆ ಬರುತ್ತದೆ? ಈ ಎರಡಕ್ಕೂ ನೆಟ್ಟಗೆ ಉತ್ತರ ಸಿಕ್ಕರೆ ಧೈರ್ಯವಾಗಿ ಕೊಳ್ಳಬಹುದು. ಸಿಗದಿದ್ದರೆ ಹೊಲ ಉಳಿಸಿಕೊಳ್ಳುವುದೇ ಲೇಸು. ಹೊಲ ಎಂದೂ ಮೂಲೆಗೆ ಬೀಳುವ ವಸ್ತುವಲ್ಲ.