ವಿದ್ಯೆಯೂ ವಿವೇಕವೂ

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದರ ಅಭಿಪ್ರಾಯವೇನು? ಓದಿದವನಿಗೆ ಬುದ್ಧಿಯಿಲ್ಲವೆಂದೇ? ಓದದವನಿಗೆ ರಾಜ್ಯವಿಚಾರವು ಸಲ್ಲದೆಂದೇ? ಈ ಎರಡು ಭ್ರಮೆಗಳೂ ಏಕಕಾಲದಲ್ಲಿ ಒಂದೇ ದೇಶದಲ್ಲಿ ನೆಲೆಸಿದ್ದುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನವು ನಿದರ್ಶನವಾಗಿದೆ.

1952ರ ಅಲ್ಲಿಯ ಅಧ್ಯಕ್ಷ ಚುನಾವಣೆಯಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಡ್ಲೈ ಸ್ಟೀವನ್‌ಸನ್ನರು ಪರಿಷ್ಕೃತ ಭಾಷಣಗಳಿಗೆ ಹೆಸರಾಗಿದ್ದರು. ಆ ಗುಣವೇ ಅವರಿಗೆ ದೋಷವಾಯಿತು. ಅವರನ್ನೂ ಅವರನ್ನು ಮೆಚ್ಚಿದ ವಿದ್ವಾಂಸರನ್ನೂ ಎದುರಾಳಿಗಳು ‘ಮೊಟ್ಟೆತಲೆಯವರು’ ಎಂದು ಪರಿಹಾಸ್ಯ ಮಾಡಿದರು. ಗೆದ್ದ ಸೇನಾನಿ ಐಸೆನ್‌ಹೋವರರು ಸಾಮಾನ್ಯರಲ್ಲಿ ಸಾಮಾನ್ಯರೆನಿಸಿದರು. ವಸ್ತುಸ್ಥಿತಿಯಾದರೋ ಬೇರೆ. ಆ ಸೇನಾನಿಯು 1948ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷಪದವಿಯನ್ನು ವಹಿಸಿಕೊಂಡಿದ್ದವರು. ಸ್ಟೀವನ್‌ಸನ್ನರು ಹಾರ್ವರ್ಡಿನಲ್ಲಿ ಕಾನೂನಿನ ವ್ಯಾಸಂಗವನ್ನು ಪೂರೈಸದೆ ಅನ್ಯತ್ರ ಪದವಿ ಪಡೆದವರು. ಹಣೆಪಟ್ಟಿಯನ್ನು ಬರೆಯುವವರು ಮನುಷ್ಯನನ್ನು ನೋಡಿ ಬರೆಯುವುದಿಲ್ಲ. ಸಮಾನತೆಯ ಮೇಲಿನ ಪ್ರೀತಿಯೇ ಅಲ್ಲಿ ವಿದ್ಯೆಯ ಮೇಲಿನ ಶಂಕೆಗೂ ಎಡೆಗೊಟ್ಟಿತೆಂಬುದನ್ನು ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಡ್ಟರರು 1963ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿರುವರು.

ಅದೇ ಕಾಲದಲ್ಲಿ ಅದೇ ದೇಶದ ದಕ್ಷಿಣದ ಸಂಸ್ಥಾನಗಳಲ್ಲಿ ಮತದಾರರಾಗಬೇಕಾದವರಿಗೆ ಅಕ್ಷರಪರೀಕ್ಷೆಯಿದ್ದಿತು. ಕೆಲವೆಡೆ ಸಂವಿಧಾನದ ಒಂದು ಭಾಗವನ್ನು ಓದಿ ಅಧಿಕಾರಿಗೆ ಒಪ್ಪಿಗೆಯಾಗುವಂತೆ ಅರ್ಥ ಹೇಳಬೇಕಾಗಿದ್ದಿತು. ಹೆಸರು ವಿದ್ಯೆಯದು, ಉದ್ದೇಶವು ಕಪ್ಪು ಜನರನ್ನು ಹೊರಗಿಡುವುದು. ಉಪಾಧ್ಯಾಯರಾಗಿದ್ದ ಕಪ್ಪು ಜನರು ಕೂಡ ಅನುತ್ತೀರ್ಣರೆನಿಸಿದರು. 1965ರ ಮತಾಧಿಕಾರದ ಶಾಸನವು ಬಂದ ಮೇಲೆಯೇ ಅಲ್ಲಿ ಈ ಪರೀಕ್ಷೆಗೆ ತಡೆಯಾಯಿತು.

‘ಓದಿದವನೇ ವಿವೇಕಿ’ ಎಂಬ ಲಕ್ಷಣವು ಓದದ ವಿವೇಕಿಯನ್ನು ಒಳಗೊಳ್ಳದೆ ಅವ್ಯಾಪ್ತಿದೋಷಕ್ಕೂ, ಓದಿದ ಅವಿವೇಕಿಯನ್ನು ಒಳಗೊಂಡು ಅತಿವ್ಯಾಪ್ತಿದೋಷಕ್ಕೂ ಗುರಿಯಾಗುವುದು. ‘ಓದದವನೇ ವಿವೇಕಿ’ ಎಂದರೂ ದೋಷಗಳು ಇವೇ.

ಹಾಗಾದರೆ ಬಲ್ಲವನ ಮಾತಿಗೆ ವಿಶೇಷ ಬೆಲೆಯಿಲ್ಲವೇ? ಉಂಟು, ಆದರೆ ಅದಕ್ಕೊಂದು ಎಲ್ಲೆಯೂ ಉಂಟು. ಸೇತುವೆಯು ಭಾರವನ್ನು ತಾಳುವುದೇ ಎಂಬುದನ್ನು ಶಿಲ್ಪಶಾಸ್ತ್ರವನ್ನು ಬಲ್ಲವನೇ ಹೇಳತಕ್ಕದ್ದು. ಅಲ್ಲಿ ಕೈಯೆಣಿಕೆ ನಡೆಯದು. ಯಾವ ಊರಿಗೆ ಮೊದಲು ಸೇತುವೆ ಬೇಕೆಂಬುದನ್ನು ದಿನವೂ ಹೊಳೆ ದಾಟುವವರು ಹೇಳತಕ್ಕದ್ದು. ಅಲ್ಲಿ ಪದವೀಪತ್ರವು ನಡೆಯದು. ಮೊದಲನೆಯದನ್ನು ಮರೆತ ರಾಜ್ಯದಲ್ಲಿ ಸೇತುವೆ ಕುಸಿಯುವುದು. ಎರಡನೆಯದನ್ನು ಮರೆತ ರಾಜ್ಯದಲ್ಲಿ ಅದು ಬಡವರ ಊರಿಗೆ ಬಾರದು.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ಮತಾಧಿಕಾರಕ್ಕೆ ಅಕ್ಷರದ ನಿಬಂಧನೆಯನ್ನು ಹಾಕಲಿಲ್ಲ. ಹದಿನಾಲ್ಕು ವರ್ಷದವರೆಗಿನ ಮಕ್ಕಳೆಲ್ಲರಿಗೂ ಶಿಕ್ಷಣ ಕೊಡಲು ಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶಿಸುವುದನ್ನೂ ಬಿಡಲಿಲ್ಲ. ಗಾದೆಯ ತಾತ್ಪರ್ಯವೂ ಇದೇ. ಮುಕ್ಕಾಲು ಹೆಚ್ಚೆಂಬುದು ನಿಜ. ಒಕ್ಕಾಲು ಸೇರದೆ ಅದು ಒಂದಾಗದು.