ಕವಚಭೇದಕ ಗುಂಡು ಮತ್ತು ಧರ್ಮವಿಚಾರ

ದೋಷವು ವಸ್ತುವಿನಲ್ಲಿರುವುದೋ, ಅದನ್ನು ಬಳಸುವವನ ಮನಸ್ಸಿನಲ್ಲಿರುವುದೋ ಎಂಬುದು ಹಳೆಯ ಪ್ರಶ್ನೆ. ಪೊಲೀಸರ ಕವಚವನ್ನು ಸೀಳಬಲ್ಲ ಗುಂಡುಗಳನ್ನು ಕುರಿತು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಡೆದ ವಾದವು ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು.

ಆ ಗುಂಡು ಹುಟ್ಟಿದ್ದು ಪೊಲೀಸರ ಉಪಯೋಗಕ್ಕಾಗಿಯೇ ಎಂಬುದು ವಿಚಿತ್ರ. 1960ರ ದಶಕದಲ್ಲಿ ಓಹಿಯೋದ ಪಾಲ್ ಕಾಪ್ಷ್ ಎಂಬ ವೈದ್ಯರೂ ಅವರ ಸಂಗಡಿಗರಾದ ಟರ್ಕಸ್, ವಾರ್ಡ್ ಎಂಬವರೂ ಕೂಡಿ, ಮೋಟಾರುಗಾಡಿಯ ಬಾಗಿಲು ಗಾಜುಗಳ ಮರೆಯಲ್ಲಿ ಅಡಗಿದ ಪಾತಕಿಯನ್ನು ಮುಟ್ಟಲೆಂದು ಗಟ್ಟಿ ಲೋಹದ ಪಿಸ್ತೂಲುಗುಂಡನ್ನು ರೂಪಿಸಿದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಅದು ಕೆ.ಟಿ.ಡಬ್ಲ್ಯು. ಎನಿಸಿತು. ಅದಕ್ಕೆ ಬಳಿದ ಟೆಫ್ಲಾನ್ ಲೇಪವು ನಳಿಗೆ ಸವೆಯದಿರಲೆಂದು ಇದ್ದದ್ದು. ಕವಚವನ್ನು ಭೇದಿಸುವ ಶಕ್ತಿ ಅದರಲ್ಲಿಯೇ ಇದೆಯೆಂದು ಜನ ನಂಬಿದರು! ಕೆವ್ಲಾರ್ ನೂಲಿನ ಅಂಗಿಯನ್ನು ಪೊಲೀಸರು ತೊಡತೊಡಗಿದ್ದು ತರುವಾಯ, 1970ರ ದಶಕದಲ್ಲಿ. ರಕ್ಷಕನಿಗೆಂದು ಮಾಡಿದ ಆಯುಧವು ಅವನು ಕವಚ ತೊಟ್ಟೊಡನೆ ಅವನಿಗೇ ಭಯಕಾರಣವಾಯಿತು.

ನ್ಯೂಯಾರ್ಕಿನ ಪ್ರತಿನಿಧಿ ಮಾರಿಯೊ ಬಿಯಾಜಿಯವರು, ಹಿಂದೆ ತಾವೂ ಪೊಲೀಸರಾಗಿದ್ದವರು, ನಿಷೇಧಕ್ಕಾಗಿ ಪಟ್ಟುಹಿಡಿದರು. ಕವಚವನ್ನು ಭೇದಿಸುವ ಗುಂಡೆಲ್ಲವೂ ನಿಷಿದ್ಧವೆಂದರೆ ಮುಗಿಯದೆ? ಮುಗಿಯದು. ಜಿಂಕೆಯ ಬೇಟೆಗೆ ಬಳಸುವ ಸಾಮಾನ್ಯ ರೈಫಲ್ ಗುಂಡೂ ಆ ಮೆತ್ತನೆಯ ಅಂಗಿಯನ್ನು ಸೀಳಿಹೋಗುವುದಷ್ಟೆ. ಫಲವನ್ನು ನೋಡಿ ತೀರ್ಪಿತ್ತರೆ ಬೇಟೆಗಾರನೂ ಅಪರಾಧಿಯಾದಾನು. ಉದ್ದೇಶವನ್ನು ನೋಡೋಣವೆಂದರೆ, ಗುಂಡು ಹಾರುವ ಮುನ್ನ ಅದನ್ನು ಕಂಡವರಾರು? ಹಿಂಸಾಪರಾಧದ ವೇಳೆ ಇಂಥ ಗುಂಡನ್ನು ಪಿಸ್ತೂಲಿನಲ್ಲಿ ತುಂಬಿದ್ದವನಿಗೆ 1984ರ ಕಾನೂನು ಕನಿಷ್ಠ 5 ವರ್ಷಗಳ ಹೆಚ್ಚಿನ ಸೆರೆಯನ್ನು ವಿಧಿಸಿತು. ಸತ್ತ ಪೊಲೀಸನ ಮನೆಯವರಿಗೆ ಅದರಿಂದ ಬರುವ ಸಮಾಧಾನ ಎಷ್ಟರದು?

ಆದುದರಿಂದ 1986ರ ಶಾಸನವು ದ್ರವ್ಯವನ್ನೇ ಹಿಡಿಯಿತು. ಪಿಸ್ತೂಲಿನಲ್ಲಿ ಬಳಸಬಹುದಾದ ಗುಂಡಿನ ತಿರುಳು ಟಂಗ್‌ಸ್ಟನ್, ಉಕ್ಕು, ಕಬ್ಬಿಣ, ಹಿತ್ತಾಳೆ, ಕಂಚು ಮೊದಲಾದವುಗಳದಾಗಿದ್ದರೆ ಅದರ ತಯಾರಿಕೆಯೂ ಆಮದೂ ನಿಷಿದ್ಧವಾದವು. ಸರ್ಕಾರದ ಬಳಕೆ, ರಫ್ತು, ಪರೀಕ್ಷೆ ಇವಕ್ಕೆ ವಿನಾಯಿತಿ. ಮುಖ್ಯವಾಗಿ ಕ್ರೀಡೆಗೆಂದಿರುವ ಗುಂಡಿಗೂ ವಿನಾಯಿತಿ. ಲೋಹಕ್ಕೆಲ್ಲಿಯ ಪಾಪಪುಣ್ಯ ಎಂದು ನಗುವವರು ನಗಬಹುದು. ಆದರೆ ಲೋಹವನ್ನು ಪರೀಕ್ಷಿಸಬಹುದು. ಮನಸ್ಸನ್ನು ಪರೀಕ್ಷಿಸುವ ಸಾಧನವಿಲ್ಲ. ನಿರಪರಾಧಿಯನ್ನು ಕಾಡದೆ ಹಾನಿಯ ಒಂದು ದಾರಿಯನ್ನಾದರೂ ಮುಚ್ಚಿದ ಶಾಸನವನ್ನು, ತರ್ಕದೃಷ್ಟಿಗೆ ಅದು ಅರೆಕೊರೆಯಾದರೂ, ಅಧರ್ಮವೆನ್ನಲಾಗದು.

ಅರೆಕೊರೆಯು ಪ್ರಕಟವಾದದ್ದು ಮುಂದೆ. ಒಳಗೆ ಉಕ್ಕಿನ ಮೊನೆಯುಳ್ಳ ಎಂ 855 ಎಂಬ ರೈಫಲ್ ಗುಂಡಿಗೆ 1986ರಲ್ಲಿ ಕ್ರೀಡೆಯ ಹೆಸರಿನಲ್ಲಿ ವಿನಾಯಿತಿ ದೊರೆತಿತ್ತು. ಗುಂಡು ಬದಲಾಗಲಿಲ್ಲ, ಅದನ್ನು ಹಾರಿಸಬಲ್ಲ ಪಿಸ್ತೂಲುಗಳು ಬರಬರುತ್ತ ಅಂಗಡಿಗೆ ಬಂದವು. 2015ರ ಫೆಬ್ರವರಿಯಲ್ಲಿ ಆಯುಧಗಳ ಮೇಲ್ವಿಚಾರಣೆಯ ಇಲಾಖೆಯು ಆ ವಿನಾಯಿತಿಯನ್ನು ಹಿಂತೆಗೆಯಲು ಹೊರಟಿತು. 80,000ಕ್ಕೂ ಮಿಕ್ಕಿ ಅಭಿಪ್ರಾಯಪತ್ರಗಳು ಬಂದವು. ಮಾರ್ಚಿಯಲ್ಲಿ ಪ್ರಸ್ತಾಪವನ್ನು ಕೈಬಿಡಲಾಯಿತು.